ಬೆಂದ ಕಾಳು ಮತ್ತು ಬೇಗೂರಿನ ಕಲ್ಲು: ಬೆಂಗಳೂರು ಎಂಬ ಹೆಸರಿನ ಪ್ರಕರಣ ಅಧ್ಯಯನ

ಬೆಂಗಳೂರಿಗೆ ಆ ಹೆಸರು ಹೇಗೆ ಬಂತೆಂದು ಕೇಳಿದರೆ, ಊರಿನಲ್ಲಿ ಬೆಳೆದ ಮಕ್ಕಳು ಕೂಡ ತಡವರಿಸದೆ ಹೇಳುವ ಕಥೆಯೊಂದಿದೆ. ಹೊಯ್ಸಳ ದೊರೆ ವೀರಬಲ್ಲಾಳನು ಬೇಟೆಗೆ ಹೋದವನು ದಾರಿ ತಪ್ಪಿ, ಪರಿವಾರದಿಂದ ಬೇರೆಯಾಗಿ, ಹಸಿದು ಬಳಲಿ, ಕತ್ತಲಾಗುವ ಹೊತ್ತಿಗೆ ಕಾಡಿನ ನಡುವಿನ ಗುಡಿಸಲೊಂದನ್ನು ಸೇರಿದನಂತೆ. ಅಲ್ಲಿದ್ದ ಅಜ್ಜಿಯ ಬಳಿ ಕೊಡಲು ಬೇರೇನೂ ಇರಲಿಲ್ಲವಾದ್ದರಿಂದ ತಾನು ಬೇಯಿಸಿಟ್ಟುಕೊಂಡಿದ್ದ ಕಾಳನ್ನೇ ಅವನಿಗೆ ಬಡಿಸಿದಳಂತೆ. ಆ ಅನ್ನದ ಋಣವನ್ನು ನೆನೆದು ದೊರೆ ಆ ಎಡೆಗೆ ಬೆಂದಕಾಳೂರು ಎಂದು ಹೆಸರಿಟ್ಟನೆಂದೂ, ಅದೇ ಜನರ ಬಾಯಲ್ಲಿ ಸವೆದು ಬೆಂಗಳೂರಾಯಿತೆಂದೂ ಕಥೆ ಮುಗಿಯುತ್ತದೆ.

ಈ ಕಥೆಯನ್ನು ಸುಳ್ಳೆಂದು ಸಾಬೀತು ಮಾಡುವುದಕ್ಕಾಗಿ ಈ ಬರಹವಲ್ಲ. ಆ ಕೆಲಸ ನೂರು ವರ್ಷದ ಹಿಂದೆಯೇ ಆಗಿಹೋಗಿದೆ. ಕಥೆ ಬಿದ್ದುಹೋದ ಮೇಲೆ ಅದರ ಜಾಗದಲ್ಲಿ ನಾವು ಏನನ್ನು ತಂದು ಕೂರಿಸಿದೆವು, ಹಾಗೆ ಕೂರಿಸಿದ್ದು ಕಥೆಗಿಂತ ಎಷ್ಟು ಗಟ್ಟಿ ಎಂಬುದನ್ನು ನೋಡುವುದು ಇಲ್ಲಿನ ಉದ್ದೇಶ. ಒಂದು ಶಾಸನ ಸಿಕ್ಕಿದ ಕೂಡಲೇ ಹೆಸರಿನ ಒಗಟು ಬಿಡಿಸಿದಂತಾಯಿತೆಂಬ ನಂಬಿಕೆ ನಮ್ಮಲ್ಲಿ ಬಲವಾಗಿದೆ. ಬೆಂಗಳೂರಿನ ಪ್ರಕರಣ ಆ ನಂಬಿಕೆಯನ್ನು ಚೆನ್ನಾಗಿ ಪರೀಕ್ಷೆಗೆ ಒಡ್ಡುತ್ತದೆ.

ಕಥೆಯ ಕಾಲ ಮತ್ತು ಕಲ್ಲಿನ ಕಾಲ

ಕಥೆಯಲ್ಲಿ ಬರುವ ದೊರೆ ಇಮ್ಮಡಿ ವೀರಬಲ್ಲಾಳನೆಂದು ಸಾಮಾನ್ಯವಾಗಿ ಹೇಳುತ್ತಾರೆ. ಅವನ ಆಳ್ವಿಕೆಯ ಕಾಲ 1173ರಿಂದ 1220. ಮುಮ್ಮಡಿ ಬಲ್ಲಾಳನೆಂದು ಹಿಡಿದರೆ ಘಟನೆ ಇನ್ನೂ ನೂರು ವರ್ಷ ಈಚೆಗೆ ಜಾರುತ್ತದೆ. ಹೀಗಾಗಿ ಕಥೆಯನ್ನು ಅತ್ಯಂತ ಉದಾರವಾಗಿ ಓದಿದರೂ ಬೆಂಗಳೂರು ಎಂಬ ಹೆಸರು ಹನ್ನೆರಡನೆಯ ಶತಮಾನದ ಕೊನೆಗಿಂತ ಮೊದಲು ಇರುವಂತಿಲ್ಲ.

ಬೆಂಗಳೂರು ಪೇಟೆಯ ದಕ್ಷಿಣಕ್ಕೆ, ಹೊಸೂರು ರಸ್ತೆಯಿಂದ ಸ್ವಲ್ಪ ಒಳಗೆ ಬೇಗೂರು ಇದೆ. ಇಂದು ಅದು ಮಹಾನಗರದ ಒಂದು ಬಡಾವಣೆಯಂತೆ ಕಂಡರೂ ಗಂಗರ ಕಾಲದಲ್ಲಿ ಒಂದು ಸಣ್ಣ ಆಡಳಿತ ಘಟಕದ ಕೇಂದ್ರವಾಗಿತ್ತು. ಶಾಸನಗಳಲ್ಲಿ ಅದರ ಹೆಸರು ಬೆಂಪೂರು ಎಂದೂ ವೆಪ್ಪೂರು ಎಂದೂ ಬರುತ್ತದೆ. ಅಲ್ಲಿನ ನಾಗೇಶ್ವರ ದೇವಾಲಯದ ಆವರಣದಲ್ಲಿ ಸುಮಾರು ಕ್ರಿ.ಶ. 890ರ ವೀರಗಲ್ಲೊಂದಿದೆ. ನಾಗತ್ತರನೆಂಬ ಅಧಿಕಾರಿಯ ಮನೆಗೆ ಸೇರಿದವರು, ಅವರಲ್ಲಿ ಅವನ ಮಗ ಬುಟ್ಟಣಸೆಟ್ಟಿಯೂ ಸೇರಿದಂತೆ, ಬೆಂಗಳೂರ ಕಾಳಗದಲ್ಲಿ ಮಡಿದರೆಂದು ಅದು ತಿಳಿಸುತ್ತದೆ. ಕರ್ನಾಟಕದಲ್ಲಿ ಸಾವಿರಗಟ್ಟಲೆ ಸಿಗುವ ವೀರಗಲ್ಲುಗಳ ಸಾಲಿನಲ್ಲಿ ಇದು ಗಾತ್ರದಿಂದಾಗಲಿ ಕೆತ್ತನೆಯಿಂದಾಗಲಿ ಎದ್ದು ಕಾಣುವಂಥದ್ದಲ್ಲ. ಅದರಲ್ಲಿರುವ ಆ ಒಂದು ಊರಿನ ಹೆಸರೇ ಅದನ್ನು ಬೇರೆಯಾಗಿಸಿದೆ.

ಈ ಪ್ರದೇಶದ ಶಾಸನಗಳನ್ನು ಒಟ್ಟಾಗಿ ಮೊದಲು ಪ್ರಕಟಿಸಿದವರು ಬಿ.ಎಲ್. ರೈಸ್, ಬೆಂಗಳೂರು ಜಿಲ್ಲೆಯ ಶಾಸನಗಳ ಎಪಿಗ್ರಾಫಿಯಾ ಕರ್ನಾಟಿಕಾ ಸಂಪುಟ 1905ರಲ್ಲಿ ಹೊರಬಂತು. ಅವರ ನಂತರ ಮೈಸೂರು ಸಂಸ್ಥಾನದ ಪುರಾತತ್ತ್ವ ಇಲಾಖೆಯನ್ನು ನಡೆಸಿದ, ಕವಿಚರಿತೆಯಿಂದ ಕನ್ನಡಿಗರಿಗೆಲ್ಲ ಪರಿಚಿತರಾದ ಆರ್. ನರಸಿಂಹಾಚಾರ್ಯರು ಇಪ್ಪತ್ತನೆಯ ಶತಮಾನದ ಎರಡನೆಯ ದಶಕದಲ್ಲಿ ಬೇಗೂರಿನ ಈ ಕಲ್ಲನ್ನು ಬೆಳಕಿಗೆ ತಂದರು. ಅಂದಿನಿಂದ ಬೆಂದ ಕಾಳಿನ ಕಥೆಗೆ ಕಾಲದ ಲೆಕ್ಕದಲ್ಲಿ ನಿಲ್ಲಲು ನೆಲವಿಲ್ಲ. ಬಲ್ಲಾಳನು ಪಟ್ಟವೇರುವುದಕ್ಕೆ ಸುಮಾರು 280 ವರ್ಷ ಮೊದಲೇ ಬೆಂಗಳೂರು ಎಂಬ ಊರಿತ್ತು, ಆ ಊರಿನ ಹೆಸರಿನಲ್ಲಿ ಒಂದು ಕಾಳಗ ನಡೆದಿತ್ತು, ಆ ಕಾಳಗವನ್ನು ಗುರುತಿಸಲು ಊರಿನ ಹೆಸರೊಂದೇ ಸಾಕಾಗುವಷ್ಟು ಅದು ಸುತ್ತಲಿನವರಿಗೆ ಗೊತ್ತಿತ್ತು.

ಅದೇ ಬೇಗೂರಿನ ಇನ್ನೊಂದು ಪ್ರಸಿದ್ಧ ವೀರಗಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಗಂಗರ ಎರೆಯಪ್ಪನ ಕಡೆಯಿಂದ ಅಯ್ಯಪದೇವನಿಗೆ ನೆರವಾಗಿ ಹೋದ ನಾಗತ್ತರನು ಬೀರಮಹೇಂದ್ರನ ವಿರುದ್ಧ ತುಂಬೆಪಾಡಿಯಲ್ಲಿ ಕಾದಿ ಸತ್ತದ್ದನ್ನೂ, ಆ ಬಳಿಕ ಇರುಗನೆಂಬವನಿಗೆ ನಾಗತ್ತರ ಪಟ್ಟ ಕಟ್ಟಿ ಬೆಂಪೂರು ಹನ್ನೆರಡನ್ನು, ಎಂದರೆ ಬೇಗೂರು ಮತ್ತು ಅದರ ಸುತ್ತಲಿನ ಊರುಗಳನ್ನು, ಕಲ್ನಾಡಾಗಿ (ವೀರನ ನೆನಪಿಗೆ ಬಿಡುವ ಉಂಬಳಿಯಾಗಿ) ಕೊಟ್ಟದ್ದನ್ನೂ ಅದು ಹೇಳುತ್ತದೆ. ಎರಡು ಕಲ್ಲುಗಳನ್ನು ಒಟ್ಟಿಗೆ ಓದಿದಾಗ ಬೇಗೂರು ನಾಗತ್ತರರ ನೆಲೆಯೆಂಬುದು ಸ್ಪಷ್ಟವಾಗುತ್ತದೆ. ಮುಂದಿನ ಚರ್ಚೆಗೆ ಈ ಮಾಹಿತಿ ಬೇಕಾಗುತ್ತದೆ.

ಕಲ್ಲು ಹೇಳದೇ ಇರುವುದು

ಇಷ್ಟಕ್ಕೆ ಸಾಮಾನ್ಯವಾಗಿ ಚರ್ಚೆ ನಿಲ್ಲುತ್ತದೆ. ಬೇಗೂರಿನ ಶಾಸನ ಕಥೆಯನ್ನು ಹುಸಿಯಾಗಿಸಿತು, ಆದ್ದರಿಂದ ಬೆಂಗಳೂರು ಎಂದರೆ ಬೆಂಗಾವಲೂರು, ಗಂಗರ ಕಾವಲುಪಡೆ ನೆಲೆಸಿದ್ದ ಊರು ಎಂಬ ವಾಕ್ಯವನ್ನು ನಾನು ಪತ್ರಿಕೆಗಳಲ್ಲಿ, ಭಾಷಣಗಳಲ್ಲಿ, ಪ್ರವಾಸಿ ಫಲಕಗಳಲ್ಲಿ ಎಷ್ಟೋ ಬಾರಿ ಕಂಡಿದ್ದೇನೆ. ಈ ವಾಕ್ಯದಲ್ಲಿರುವ ‘ಆದ್ದರಿಂದ’ ಎಂಬ ಪದವೇ ಪ್ರಕರಣದ ಮುಖ್ಯ ಎಡವಟ್ಟು. ಶಾಸನದಲ್ಲಿರುವುದು ಬೆಂಗಳೂರು ಎಂಬ ರೂಪ. ಬೆಂಗಾವಲೂರು ಎಂಬುದು ಆ ರೂಪಕ್ಕೆ ನಾವು ಕೊಟ್ಟ ವಿವರಣೆ. ಕಲ್ಲು ಒಂದು ಕಾಲವನ್ನು ಕೊಡುತ್ತದೆ, ಒಂದು ಕಾಗುಣಿತವನ್ನು ಕೊಡುತ್ತದೆ, ಅರ್ಥವನ್ನು ಕೊಡುವುದಿಲ್ಲ. ಸತ್ತವರ ಹೆಸರು ಉಳಿಯಲೆಂದು ಕಲ್ಲು ನೆಡಿಸಿದವರಿಗೆ ಊರಿನ ಹೆಸರಿಗೆ ಅರ್ಥ ಬರೆಯುವ ಅಗತ್ಯವೇ ಇರಲಿಲ್ಲ.

ಎರಡನೆಯದಾಗಿ, ಆ ಕಾಳಗ ಎಲ್ಲಿ ನಡೆಯಿತೆಂಬುದನ್ನೂ ಕಲ್ಲು ನಿಂತ ಜಾಗದಿಂದ ತಿಳಿಯಲಾಗುವುದಿಲ್ಲ. ವೀರಗಲ್ಲನ್ನು ಕಾಳಗದ ನೆಲದಲ್ಲಿಯೇ ನೆಡುವುದುಂಟು. ಸತ್ತವನ ಸ್ವಂತ ಊರಿನಲ್ಲಿ, ಅವನ ವಂಶದವರಿಗೆ ಉಂಬಳಿ ಸಂದ ಊರಿನಲ್ಲಿ ನೆಡುವುದೂ ಉಂಟು. ತುಂಬೆಪಾಡಿಯಲ್ಲಿ ಸತ್ತ ನಾಗತ್ತರನ ಕಲ್ಲೂ ಬೇಗೂರಿನಲ್ಲಿಯೇ ನಿಂತಿತ್ತೆಂಬುದನ್ನು ನೆನಪಿಟ್ಟುಕೊಂಡರೆ, ಬುಟ್ಟಣಸೆಟ್ಟಿಯ ಕಲ್ಲು ಕೂಡ ಮನೆತನದ ನೆಲೆಯಲ್ಲಿ ನಿಂತಿದೆಯೇ ಹೊರತು ಕಾಳಗದ ಕಣದಲ್ಲಿ ಅಲ್ಲವೆಂದು ಊಹಿಸುವುದೇ ಹೆಚ್ಚು ಸರಿ. ಆಗ 890ರ ಬೆಂಗಳೂರು ಬೇಗೂರಿನಿಂದ ಕೂಗಳತೆಯಲ್ಲಿಯೂ ಇರಬಹುದು, ಅರ್ಧ ದಿನದ ನಡಿಗೆಯಷ್ಟು ದೂರದಲ್ಲಿಯೂ ಇರಬಹುದು.

ಇಲ್ಲಿ ಹಳೆಬೆಂಗಳೂರಿನ ಪ್ರಶ್ನೆ ಬರುತ್ತದೆ. ನಗರದ ಉತ್ತರಕ್ಕೆ, ಹೆಬ್ಬಾಳದ ಆಚೆ, ಕೊಡಿಗೇಹಳ್ಳಿಯ ಬಳಿ ಹಳೆಬೆಂಗಳೂರೆಂಬ ಹೆಸರಿನ ಎಡೆಯೊಂದಿದೆ. ಯಲಹಂಕದ ನಾಡಪ್ರಭು ಹಿರಿಯ ಕೆಂಪೇಗೌಡರು 1537ರಲ್ಲಿ ಹೊಸ ಕೋಟೆಯನ್ನೂ ಪೇಟೆಯನ್ನೂ ಕಟ್ಟಿಸಿದಾಗ ಆ ಹಳ್ಳಿಯ ಹೆಸರನ್ನೇ ತಂದು ಹೊಸ ಊರಿಗೆ ಇಟ್ಟರೆಂದು ಪ್ರತೀತಿ. ಅದು ಅವರ ತಾಯಿಯ ತವರೆಂದು ಕೆಲವರು, ಹೆಂಡತಿಯ ತವರೆಂದು ಕೆಲವರು ಹೇಳುತ್ತಾರೆ. ಹೀಗೆ ಸಂಬಂಧ ಬದಲಾಗುವುದೇ ಆ ಭಾಗ ಬಾಯಿಮಾತಿನಿಂದ ಬಂದದ್ದೆಂಬುದಕ್ಕೆ ಗುರುತು. ಆದರೆ ಪ್ರತೀತಿಯ ತಿರುಳನ್ನು ತಳ್ಳಿಹಾಕಲು ಕಾರಣವಿಲ್ಲ. ಹಳೆ ಎಂಬ ವಿಶೇಷಣ ತಾನಾಗಿ ಹುಟ್ಟುವುದಿಲ್ಲ. ಅದೇ ಹೆಸರಿನ ಹೊಸದೊಂದು ಬಂದು ಪಕ್ಕದಲ್ಲಿ ನಿಂತಾಗಲೇ ಮೊದಲಿನದು ಹಳೆಯದಾಗುತ್ತದೆ. ದೋರಸಮುದ್ರ ಹಾಳಾದ ಮೇಲೆ ಹಳೇಬೀಡಾದದ್ದು ಬೇರೆ ಬಗೆ, ಅಲ್ಲಿ ಹೆಸರೇ ಬದಲಾಯಿತು. ಹಳೆಬೆಂಗಳೂರಿನಲ್ಲಿ ಹೆಸರು ಹಾಗೆಯೇ ಉಳಿದು ಬೆನ್ನಿಗೊಂದು ವಿಶೇಷಣ ಅಂಟಿದೆ.

ಹಾಗಾದರೆ ನಾವು ಅರ್ಥ ಹುಡುಕುತ್ತಿರುವ ಹೆಸರು ಇಂದಿನ ಮಹಾನಗರ ನಿಂತ ನೆಲಕ್ಕೆ ಸೇರಿದ್ದೇ ಅಲ್ಲದಿರಬಹುದು. ಕೋಟೆ, ಪೇಟೆ, ಕೆಂಪಾಂಬುಧಿ ಕೆರೆ, ಧರ್ಮಾಂಬುಧಿ ಕೆರೆಗಳ ಸುತ್ತ ಹೆಸರಿನ ಮೂಲವೆಂದು ಕೆಲವರು ಹೇಳುವ ಬೇಂಗೆ ಮರ ಎಲ್ಲಿತ್ತು, ಯಾವ ಕಾವಲುಪಡೆ ಇತ್ತು ಎಂದು ಹುಡುಕುವುದು ಸಾಗಿ ಬಂದ ಹೆಸರಿನ ಬೇರನ್ನು ತಪ್ಪು ಹೊಲದಲ್ಲಿ ಅಗೆದಂತೆ.

ಅರ್ಥಗಳ ಸಾಲು

ಬೆಂಗಳೂರಿಗೆ ಹೇಳಿರುವ ಅರ್ಥಗಳು ಹಲವು. ಕಾವಲಿನವರ ಬೆಂಗಾವಲೂರು, ಬೆಣಚುಕಲ್ಲಿನ ಊರು, ವೆಂಕಟನ ಊರು, ಬೇಂಗೆ ಮರದ ಊರು, ಮತ್ತು ನಮ್ಮ ಅಜ್ಜಿಯ ಬೆಂದಕಾಳೂರು ಇವು ಮುಖ್ಯವಾದವು. ಇವನ್ನು ಅಳೆಯುವಾಗ ಜನ ಸಾಮಾನ್ಯವಾಗಿ ನೋಡುವುದು ಯಾವುದು ನಂಬಲು ಘನತೆಯದು ಎಂಬುದನ್ನು. ಕಾವಲುಪಡೆಗೆ ಇತಿಹಾಸದ ಗತ್ತಿದೆ, ಕಾಳಿಗೆ ಇಲ್ಲ. ಆದರೆ ಹೆಸರಿನ ವಿಷಯದಲ್ಲಿ ಗತ್ತಿಗಿಂತ ಅಕ್ಷರ ದೊಡ್ಡ ಸಾಕ್ಷಿ.

ಬೆಂಗಾವಲು ಇಂದಿಗೂ ಬಳಕೆಯಲ್ಲಿರುವ ಪದ. ಮಂತ್ರಿಗಳ ಕಾರಿನ ಹಿಂದೆ ಬೆಂಗಾವಲು ವಾಹನ ಓಡುವುದನ್ನು ದಿನವೂ ಪತ್ರಿಕೆಯಲ್ಲಿ ಓದುತ್ತೇವೆ. ಬೆನ್ ಮತ್ತು ಕಾವಲ್ ಸೇರಿ ಆದದ್ದು. ಬೆಂಗಾವಲೂರಿನಿಂದ ಬೆಂಗಳೂರಿಗೆ ಬರಬೇಕಾದರೆ ಗಾ ಎಂಬ ದೀರ್ಘ ಹ್ರಸ್ವವಾಗಬೇಕು, ನಡುವಿನ ವಕಾರ ಪೂರ್ತಿ ಅಳಿಸಿಹೋಗಬೇಕು, ಉಳಿದ ಲಕಾರ ಳಕಾರವಾಗಬೇಕು. ಇದರಲ್ಲಿ ಕೊನೆಯ ಹೆಜ್ಜೆಯೇ ನನಗೆ ಹೆಚ್ಚು ತೊಡಕಾಗಿ ಕಾಣುವುದು. ಹಳಗನ್ನಡ ಲ, ಳ, ಈಗ ಬಳಕೆ ತಪ್ಪಿರುವ ೞ ಎಂಬ ಮೂರನ್ನೂ ಬೇರೆ ಬೇರೆಯಾಗಿ ಉಚ್ಚರಿಸುತ್ತಿತ್ತು, ಬೇರೆ ಬೇರೆಯಾಗಿ ಬರೆಯುತ್ತಿತ್ತು. ಲಕಾರ ಳಕಾರವಾಗುವುದು ಕನ್ನಡದಲ್ಲಿ ಎಲ್ಲಿಯೂ ಇಲ್ಲವೆಂದಲ್ಲ. ಆದರೆ ಒಂಬತ್ತನೆಯ ಶತಮಾನದ ಒಂದು ಕಲ್ಲಿನ ರೂಪಕ್ಕೆ ಅದನ್ನು ಹೊರಿಸುವವರು ಕಾರಣ ಹೇಳಬೇಕಾಗುತ್ತದೆ. ಮೇಲಾಗಿ ಇಷ್ಟೆಲ್ಲ ಸವೆತ 890ಕ್ಕಿಂತ ಮೊದಲೇ ಮುಗಿದಿರಬೇಕು, ಏಕೆಂದರೆ ಕಲ್ಲಿನ ಮೇಲೆ ಬರುವ ಹೊತ್ತಿಗೆ ಹೆಸರು ಹೆಚ್ಚುಕಡಿಮೆ ಇಂದಿನ ರೂಪದಲ್ಲಿಯೇ ಇದೆ.

ಬೆಣಚುಕಲ್ಲಿನ ವಾದಕ್ಕೂ ಇದೇ ತೊಂದರೆ. ಕಲ್ ಎಂಬುದರ ಮುಂದೆ ಊರು ಬಂದರೆ ಕಲ್ಲೂರು ಎಂದು ಲಕಾರ ಇಮ್ಮಡಿಯಾಗುವುದು ನಮ್ಮ ಸಂಧಿಯ ವಾಡಿಕೆ, ಆ ಹೆಸರಿನ ಊರುಗಳೂ ಇವೆ. ಅದು ಕಳೂರು ಆಗುವುದಕ್ಕೆ ದಾರಿ ಕಾಣದು. ವೆಂಕಟನಿಂದ ಬೆಂಗಳಕ್ಕೆ ಬರುವುದು ಇನ್ನೂ ದೂರದ ಪ್ರಯಾಣ. ಆ ವಾದವನ್ನು ಇಷ್ಟಕ್ಕೇ ಬಿಡಬಹುದು.

ಬೇಂಗೆಯ ವಾದ ಹೆಚ್ಚು ಗೌರವಕ್ಕೆ ಅರ್ಹ. ತಮಿಳಿನಲ್ಲಿ ವೇಂಗೈ ಎನ್ನುವ, ನಮ್ಮಲ್ಲಿ ಹೆಚ್ಚಾಗಿ ಹೊನ್ನೆ ಎಂದು ಕರೆಯುವ ಮರ ಎಲೆಯುದುರುವ ಕಾಡುಗಳದ್ದು. ತಮಿಳಿನ ಪದಾದಿಯ ವಕಾರಕ್ಕೆ ಕನ್ನಡದಲ್ಲಿ ಬಕಾರ ಬರುವುದು ನಿಯಮದಂತೆ ನಡೆಯುವ ಬದಲಾವಣೆ. ಅಲ್ಲಿನ ವೇರ್ ಇಲ್ಲಿ ಬೇರು, ಅಲ್ಲಿನ ವಾ ಇಲ್ಲಿ ಬಾ. ಬೇಗೂರಿನ ಶಾಸನಗಳಲ್ಲಿಯೇ ಬೆಂಪೂರು ಮತ್ತು ವೆಪ್ಪೂರು ಎಂಬ ಎರಡು ರೂಪಗಳು ಈ ಗಡಿನಾಡಿನಲ್ಲಿ ಅಕ್ಕಪಕ್ಕದಲ್ಲಿ ಓಡಾಡಿವೆ. ಮರದ ಹೆಸರನ್ನು ಊರಿಗೆ ಇಡುವುದಂತೂ ನಮ್ಮಲ್ಲಿ ತೀರ ಸಾಮಾನ್ಯ. ಹಲಸೂರು, ಹುಣಸೂರು, ಅತ್ತಿಗುಪ್ಪೆ ಎಲ್ಲವೂ ಹಾಗೆಯೇ ಆದವು. ಆದರೂ ಎರಡು ಪ್ರಶ್ನೆ ಉಳಿಯುತ್ತವೆ. ಬೇಂಗೆಯ ದೀರ್ಘ ಏಕಾರ ಬೆಂಗಳೂರಿನಲ್ಲಿ ಹ್ರಸ್ವವಾದದ್ದು ಏಕೆ ಎಂಬುದು ಒಂದು. ಬೇಂಗೆಗೂ ಊರಿಗೂ ನಡುವೆ ಬಂದು ಕುಳಿತ ಳಕಾರ ಯಾವುದು ಎಂಬುದು ಇನ್ನೊಂದು. ಮೊದಲನೆಯದಕ್ಕೆ ಅನುಸ್ವಾರದ ಮುಂದೆ ಸ್ವರ ಮೊಟಕಾಗುವುದುಂಟೆಂದು ಉತ್ತರ ಹೇಳಬಹುದು. ಎರಡನೆಯದಕ್ಕೆ ಈ ವಾದ ಮಾಡುವವರು ಸಾಮಾನ್ಯವಾಗಿ ಏನೂ ಹೇಳುವುದಿಲ್ಲ.

ಇನ್ನು ಬೆಂದಕಾಳೂರು. ಕಾಲದ ಪರೀಕ್ಷೆಯಲ್ಲಿ ಬಲ್ಲಾಳ ಸೋತಿದ್ದಾನೆ, ಅದರಲ್ಲಿ ಸಂದೇಹವಿಲ್ಲ. ಆದರೆ ಬಲ್ಲಾಳನನ್ನೂ ಅಜ್ಜಿಯನ್ನೂ ಪಕ್ಕಕ್ಕಿಟ್ಟು ಪದವನ್ನಷ್ಟೇ ಬೆಂಗಾವಲೂರಿನ ಪಕ್ಕದಲ್ಲಿ ನಿಲ್ಲಿಸಿ ನೋಡಿದರೆ ಒಂದು ವಿಚಿತ್ರ ಕಾಣುತ್ತದೆ. ಇಲ್ಲಿಯೂ ಕಾ ಎಂಬ ದೀರ್ಘ ಮೊಟಕಾಗಬೇಕು, ದಕಾರ ಅಳಿಯಬೇಕು. ಆದರೆ ನಾವು ಇಂದು ಬಳಸುವ ಕಾಳು ಎಂಬ ಪದದಲ್ಲಿ ಳಕಾರ ಮೊದಲಿನಿಂದಲೇ ಕೈಯಲ್ಲಿದೆ. ಅಕ್ಷರದ ಲೆಕ್ಕದಲ್ಲಿ ಹಾಸ್ಯಕ್ಕೆ ಗುರಿಯಾದ ಕಾಳು, ಪಾಂಡಿತ್ಯದ ಪೋಷಾಕು ತೊಟ್ಟ ಕಾವಲಿಗಿಂತ ಒಂದು ಹೆಜ್ಜೆ ಕಡಿಮೆ ಕಷ್ಟಪಡುತ್ತದೆ. ಕಾಳೇ ಮೂಲವೆಂದು ಇದರಿಂದ ನಾನು ವಾದಿಸುತ್ತಿಲ್ಲ. ಬೇಯಿಸಿದ ಕಾಳಿನಿಂದ ಊರಿಗೆ ಹೆಸರಿಡುವ ಪದ್ಧತಿಗೆ ಬೇರೆ ಉದಾಹರಣೆ ನನ್ನ ಕಣ್ಣಿಗೆ ಬಿದ್ದಿಲ್ಲ; ನೆಲ, ನೀರು, ಮರ, ಕಸುಬು, ಒಡೆಯ, ದೇವರು ಇವೇ ನಮ್ಮ ಹೆಸರುಗಳ ಕಣಜ. ನನ್ನ ಮಾತು ಇಷ್ಟೇ: ಕಾವಲಿನ ಅರ್ಥವನ್ನು ತಂದವರೂ ಅಜ್ಜಿಯ ಕಥೆ ಕಟ್ಟಿದವರ ದಾರಿಯನ್ನೇ ಹಿಡಿದರು. ಇಬ್ಬರೂ ಇಂದಿನ ಹೆಸರನ್ನು ಕಿವಿಯಲ್ಲಿಟ್ಟುಕೊಂಡು, ಹತ್ತಿರ ಕೇಳಿಸುವ ಪದವನ್ನು ಹುಡುಕಿ, ಆ ಪದಕ್ಕೆ ಒಪ್ಪುವ ಸನ್ನಿವೇಶವನ್ನು ಕಟ್ಟಿದರು. ಒಬ್ಬರ ಸನ್ನಿವೇಶದಲ್ಲಿ ಗುಡಿಸಲಿದೆ, ಇನ್ನೊಬ್ಬರದರಲ್ಲಿ ಪಾಳೆಯವಿದೆ.

ಹೋಲಿಕೆಗೆ ಹೆಬ್ಬಾಳ

ಹೆಸರಿನ ಅರ್ಥ ಕಲ್ಲಿನಿಂದ ನಿಜವಾಗಿ ಬಿಡಿಸಿಕೊಂಡರೆ ಅದು ಹೇಗಿರುತ್ತದೆ ಎಂಬುದಕ್ಕೆ ದೂರ ಹೋಗಬೇಕಾಗಿಲ್ಲ. ಹೆಬ್ಬಾಳ ಎಂಬ ಹೆಸರನ್ನು ಕೇಳಿ, ಅಲ್ಲಿನ ವಿಶಾಲವಾದ ಕೆರೆಯನ್ನು ಕಂಡವರಿಗೆ ಅದು ಹಿರಿಯ ಹಳ್ಳ, ಹೆಬ್ಬಳ್ಳ ಎಂದು ಹೊಳೆಯುವುದು ಸಹಜ. 2018ರಲ್ಲಿ ಅಲ್ಲಿ ಸಿಕ್ಕ ಕಿಟ್ಟಯ್ಯನ ವೀರಗಲ್ಲು ಸುಮಾರು ಕ್ರಿ.ಶ. 750ರದ್ದು, ಗಂಗ ದೊರೆ ಶ್ರೀಪುರುಷನ ಕಾಲದ್ದು. ಅದರಲ್ಲಿ ಪೆರ್ಬೊೞಲ್‌ನಾಡು ಎಂಬ ಹೆಸರು ಬರುತ್ತದೆ. ಪೆರ್ ಎಂದರೆ ಹಿರಿಯ, ಪೊೞಲ್ ಎಂದರೆ ಪಟ್ಟಣ. ಪದಾದಿಯ ಪಕಾರ ಹಕಾರವಾಗುವುದು, ರೇಫೆ ಮುಂದಿನ ಅಕ್ಷರದಲ್ಲಿ ಲೀನವಾಗಿ ಒತ್ತಾಗುವುದು, ೞಕಾರ ಳಕಾರವಾಗುವುದು, ಇವು ಮೂರೂ ಹಳಗನ್ನಡದಿಂದ ನಡುಗನ್ನಡಕ್ಕೆ ಬರುವಾಗ ಭಾಷೆಯುದ್ದಕ್ಕೂ ಆದ ಬದಲಾವಣೆಗಳು. ಅದೇ ಪೊೞಲ್ ಹೊಳಲ್ಕೆರೆಯಲ್ಲಿದೆ; ಪಟ್ಟದಕಲ್ಲಿನ ಹಳೆಯ ಹೆಸರಾದ ಕಿಸುವೊೞಲಿನಲ್ಲಿಯೂ, ಎಂದರೆ ಕೆಂಪು ಪಟ್ಟಣದಲ್ಲಿಯೂ ಇದೆ. ಹೀಗೆ ಪೆರ್ಬೊೞಲು ಹೆಬ್ಬೊಳಲಾಗಿ ಹೆಬ್ಬಾಳವಾಗುವ ದಾರಿಯಲ್ಲಿ ಆ ಊರಿಗೆಂದೇ ವಿಶೇಷ ರಿಯಾಯಿತಿ ಕೇಳಬೇಕಾದ ಹೆಜ್ಜೆ ಬಹುತೇಕ ಇಲ್ಲ. ನಡುವಿನ ಒಕಾರ ಆಕಾರವಾದದ್ದನ್ನೂ ಕೊನೆಯ ಲಕಾರದ ಲೋಪವನ್ನೂ ಬಿಟ್ಟರೆ ಉಳಿದದ್ದೆಲ್ಲ ನಿಯಮವೇ.

ಹೆಬ್ಬಾಳದ ಕಲ್ಲು ಮಾಡಿದ ಉಪಕಾರವೆಂದರೆ ಹೆಸರು ಸವೆಯುವುದಕ್ಕೆ ಮೊದಲಿನ ರೂಪವನ್ನು ಕಾದಿಟ್ಟದ್ದು. ಬೇಗೂರಿನ ಕಲ್ಲು ನಮಗೆ ಆ ಉಪಕಾರ ಮಾಡಲಿಲ್ಲ. ಸವೆತ ಆಗಿದ್ದಿದ್ದರೆ ಅದು ಕಲ್ಲಿಗೆ ಮೊದಲೇ ಆಗಿದೆ; ಆಗದೇ ಇದ್ದಿದ್ದರೆ ಬೆಂಗಳ ಎಂಬುದೇ ಮೂಲ ಪದ, ನಮಗೆ ಅದರ ಅರ್ಥ ಮರೆತಿದೆ. ಎರಡು ಕಲ್ಲುಗಳ ನಡುವೆ ಸುಮಾರು 140 ವರ್ಷದ ಅಂತರವಿದೆ, ಎರಡೂ ಗಂಗರವು, ಎರಡೂ ಕಾದಿ ಸತ್ತವರವು. ಒಂದರಿಂದ ಅರ್ಥ ಸಿಕ್ಕಿತು, ಇನ್ನೊಂದರಿಂದ ವಯಸ್ಸು ಮಾತ್ರ.

ಕಥೆ ಎಲ್ಲಿ ಹುಟ್ಟುತ್ತದೆ

ಬೆಂಗಳೂರಿನ ಪೇಟೆಯೊಳಗೆ ನಡೆದರೆ ಅಕ್ಕಿಪೇಟೆ, ಬಳೆಪೇಟೆ, ಅರಳೆಪೇಟೆ, ರಾಗಿಪೇಟೆ, ಕುಂಬಾರಪೇಟೆ, ಗಾಣಿಗರಪೇಟೆ, ಚಿಕ್ಕಪೇಟೆ, ದೊಡ್ಡಪೇಟೆ ಎಂಬ ಹೆಸರುಗಳು ಒಂದರ ಹಿಂದೊಂದು ಎದುರಾಗುತ್ತವೆ. ಇವುಗಳಲ್ಲಿ ಯಾವುದಕ್ಕೂ ದೊರೆಯ ಕಥೆ ಇಲ್ಲ, ಅಜ್ಜಿಯ ಕಥೆ ಇಲ್ಲ. ಅರ್ಥ ಬಾಗಿಲಲ್ಲಿಯೇ ನಿಂತಿರುವಾಗ ಕಥೆಗೆ ಕೆಲಸವಿಲ್ಲ. ತರಗುಪೇಟೆಯದು ಸ್ವಲ್ಪ ಬೇರೆ. ದಲ್ಲಾಳಿಯ ಕಸುಬಿಗೆ ತರಗು ಎನ್ನುವುದು ಈಗಿನವರಿಗೆ ಮರೆಯುತ್ತಿದೆ, ಪದ ಕೇಳಿದವರ ಮನಸ್ಸಿಗೆ ಒಣ ತರಗೆಲೆ ಬರುತ್ತದೆ. ಇನ್ನೊಂದೆರಡು ತಲೆಮಾರು ಕಳೆದರೆ ತರಗೆಲೆ ರಾಶಿಬಿದ್ದ ತೋಪಿನ ಕಥೆಯೊಂದು ಅಲ್ಲಿ ಚಿಗುರಿದರೂ ನನಗೆ ಆಶ್ಚರ್ಯವಾಗದು. ಬೊಮ್ಮಸಂದ್ರ, ಸಿಂಗಸಂದ್ರ, ಜಕ್ಕಸಂದ್ರಗಳ ಸಂದ್ರವೂ ಹಾಗೆಯೇ ಮಸುಕಾಗುತ್ತಿದೆ. ಅದು ಸಮುದ್ರ, ಎಂದರೆ ದೊಡ್ಡ ಕೆರೆ. ಕೆರೆ ಕಣ್ಣಿಗೆ ಕಾಣುತ್ತಿದ್ದಷ್ಟು ದಿನ ಹೆಸರು ತನ್ನನ್ನು ತಾನೇ ವಿವರಿಸಿಕೊಳ್ಳುತ್ತಿತ್ತು.

ಬೆಂಗಳೂರು ಎಂಬ ಹೆಸರಿನಲ್ಲಿ ಊರು ತಿಳಿಯುತ್ತದೆ, ಬೆಂಗಳ ತಿಳಿಯುವುದಿಲ್ಲ. ಅರ್ಧ ತಿಳಿದ ಹೆಸರೇ ಕಥೆಗೆ ಹದವಾದ ನೆಲ. ಚಿಕ್ಕಮಗಳೂರಿನದೂ ಇದೇ ಪರಿಸ್ಥಿತಿ. ಸಖರಾಯಪಟ್ಟಣದ ರುಕ್ಮಾಂಗದನೆಂಬ ದೊರೆ ತನ್ನ ಕಿರಿಯ ಮಗಳಿಗೆ ಬಳುವಳಿಯಾಗಿ ಕೊಟ್ಟ ಊರೆಂದೂ, ಹಿರಿಯ ಮಗಳಿಗೆ ಕೊಟ್ಟದ್ದು ಪಕ್ಕದ ಹಿರೇಮಗಳೂರೆಂದೂ ಅಲ್ಲಿ ಹೇಳುತ್ತಾರೆ. ಚಿಕ್ಕ, ಹಿರೇ ಎಂಬ ವಿಶೇಷಣಗಳು ಊರಿಗೆ ಸೇರಿದವೇ ಹೊರತು ಮಗಳಿಗಲ್ಲ. ನಮ್ಮ ನಾಡಿನಲ್ಲಿ ಜೋಡಿ ಊರುಗಳಿಗೆ ಹೀಗೆ ಹಿರಿದು ಕಿರಿದೆಂದು ಹೇಳುವುದು ಎಲ್ಲೆಡೆಯೂ ಇದೆ. ಆದರೆ ಮಗಳೂರು ಎಂಬಲ್ಲಿ ಮಗಳು ಅಷ್ಟು ಸ್ಪಷ್ಟವಾಗಿ ಕೇಳಿಸುವಾಗ ವಿಶೇಷಣ ಅವಳ ಮೈಮೇಲೆ ಹೋಗಿ ಕೂರದೆ ಇರುವುದು ಕಷ್ಟ. ಹೊಯ್ಸಳರ ವಂಶದ ಹೆಸರನ್ನೇ ‘ಹೊಯ್ ಸಳ’ ಎಂದು ಬಿಡಿಸಿ, ಹುಲಿಯನ್ನು ಹೊಡೆದ ಸಳನ ಕಥೆಯನ್ನು ಹೇಳುವ ನಾಡು ಇದು. ಹೊಯ್ಸಳ ದೊರೆಯೇ ಬೆಂಗಳೂರಿನ ಕಥೆಗೂ ನಾಯಕನಾಗಿ ಬಂದದ್ದರಲ್ಲಿ ಒಂದು ಔಚಿತ್ಯವಿದೆ.

ಕಾಳು ಆ ಕಥೆಯಲ್ಲಿ ಏಕೆ ನಿಂತಿತು ಎಂಬುದಕ್ಕೂ ಸ್ಥಳೀಯ ಕಾರಣವಿರಬೇಕು. ಹಳೆಯ ಮೈಸೂರು ಸೀಮೆಯ ಒಣ ಬೇಸಾಯದಲ್ಲಿ ರಾಗಿಯ ಜೊತೆಗೆ ಅವರೆ, ಹುರುಳಿ, ಅಲಸಂದೆ ಬೆಳೆಯುವುದು ರೂಢಿ. ಮಾಗಿಯ ಚಳಿಯಲ್ಲಿ ಸೊಗಡಿನ ಅವರೆಕಾಯಿ ಪೇಟೆಗೆ ಬಂದಾಗ ಹಿತಕಿದ ಬೇಳೆ ಸಾರು ಇಲ್ಲದ ಮನೆ ಈ ಭಾಗದಲ್ಲಿ ಸಿಗುವುದು ಕಷ್ಟ. ಅಜ್ಜಿ ಬಡಿಸಿದ್ದು ಯಾವ ಕಾಳೆಂಬುದನ್ನು ಹೇಳುವವರು ತಮ್ಮ ತಮ್ಮ ಮನೆಯ ಒಲೆಗೆ ತಕ್ಕಂತೆ ತುಂಬಿಕೊಳ್ಳುತ್ತಾರೆ. ಬಡವಿಯ ಮನೆಯಲ್ಲಿ ದೊರೆ ಉಂಡು ಋಣಿಯಾದನೆಂಬ ತಿರುಳು, ಸೈನ್ಯದ ಪಾಳೆಯ ಇತ್ತೆಂಬ ಒಣ ಮಾಹಿತಿಗಿಂತ ನೆನಪಿನಲ್ಲಿ ಹೆಚ್ಚು ದಿನ ನಿಲ್ಲುತ್ತದೆ. ಬೇಗೂರಿನ ಕಲ್ಲು ಓದಿಸಿಕೊಂಡು ನೂರು ವರ್ಷ ಕಳೆದರೂ ಕಥೆ ಕುಂದದಿರುವುದಕ್ಕೆ ಜನರ ಅಜ್ಞಾನವನ್ನು ದೂರುವುದು ಸರಿಯಲ್ಲ; ಕಲ್ಲು ಕಥೆಯನ್ನು ಕಿತ್ತುಕೊಂಡು ಅದರ ಬದಲಿಗೆ ಕೈಗೆ ಏನನ್ನೂ ಕೊಟ್ಟಿಲ್ಲ.

ದೊಡ್ಡ ಹೆಸರುಗಳು, ಸಣ್ಣ ಹೆಸರುಗಳು

ಅಧಿಕಾರದಲ್ಲಿದ್ದವರು ಇಟ್ಟ ಘನವಾದ ಹೆಸರುಗಳ ಗತಿಯನ್ನೂ ಇಲ್ಲಿ ಗಮನಿಸಬೇಕು. ದೊಮ್ಮಲೂರಿನ ಚೊಕ್ಕನಾಥಸ್ವಾಮಿ ದೇವಾಲಯದ ತಮಿಳು ಶಾಸನಗಳು ಆ ಊರನ್ನು ತೊಂಬಲೂರು ಎನ್ನುತ್ತವೆ, ಜೊತೆಗೆ ದೇಶಿಮಾಣಿಕ್ಕಪಟ್ಟಣವೆಂಬ ಇನ್ನೊಂದು ಹೆಸರನ್ನೂ ಕೊಡುತ್ತವೆ. ವರ್ತಕರ ವೈಭವವನ್ನು ಸಾರುವ ಆ ಎರಡನೆಯ ಹೆಸರು ಅಳಿಯಿತು. ಅರ್ಥ ಮಸುಕಾದ ತೊಂಬಲೂರು ಉಳಿದು ದೊಮ್ಮಲೂರಾಯಿತು. ಬೆಂಗಳೂರಿಗೂ ವಿಜಯನಗರ ಕಾಲದಲ್ಲಿ ಕಲ್ಯಾಣಪುರ, ದೇವರಾಯನಗರ ಎಂಬ ಹೆಸರುಗಳು ಇದ್ದವೆಂದು ಹೇಳುತ್ತಾರೆ; ಅವು ಯಾರ ಬಾಯಿಗೂ ಹತ್ತಲಿಲ್ಲ.

1809ರಲ್ಲಿ ಪೇಟೆಯ ಪೂರ್ವಕ್ಕೆ ಬ್ರಿಟಿಷರ ದಂಡು ಬಂದು ನೆಲೆಸಿತು; ಅದಕ್ಕೂ ಮೊದಲೇ ಅವರ ಬಾಯಲ್ಲಿ ಊರು ಬ್ಯಾಂಗಲೋರ್ ಆಗಿತ್ತು. 2005ರಲ್ಲಿ ಯು.ಆರ್. ಅನಂತಮೂರ್ತಿಯವರು ಇಂಗ್ಲಿಷಿನಲ್ಲಿಯೂ ಊರಿನ ಹೆಸರು ಬೆಂಗಳೂರು ಎಂದೇ ಇರಬೇಕೆಂಬ ಸಲಹೆ ಮುಂದಿಟ್ಟರು. ಆ ವರ್ಷದ ಡಿಸೆಂಬರಿನಲ್ಲಿ ರಾಜ್ಯ ಸರ್ಕಾರ ಅದನ್ನು ಒಪ್ಪಿತು. ಕೇಂದ್ರದ ಅನುಮತಿ ದೊರೆತು 2014ರ ನವೆಂಬರ್ 1ರಿಂದ ಬೆಂಗಳೂರೂ ಸೇರಿದಂತೆ 12 ಊರುಗಳ ಹೆಸರು ಅಧಿಕೃತವಾಗಿ ಬದಲಾಯಿತು. ಬದಲಾದದ್ದು ರೋಮನ್ ಲಿಪಿಯ ಕಾಗುಣಿತವಷ್ಟೇ. ಕನ್ನಡದಲ್ಲಿ ಬರೆಯುವವರಿಗೆ, ಬಸ್ಸಿನ ಬೋರ್ಡು ಓದುವವರಿಗೆ ಏನೂ ಬದಲಾಗಲಿಲ್ಲ. ಅಂದು ಹೊಸ ಹೆಸರೆಂದು ಕೆಲವರು ಗೊಣಗಿದ ಆ ರೂಪ ಬುಟ್ಟಣಸೆಟ್ಟಿಯ ಕಲ್ಲಿನ ಮೇಲೆ ಸಾವಿರದ ನೂರು ವರ್ಷಗಳಿಂದ ಇತ್ತು. ಆ ಚರ್ಚೆಯ ದಿನಗಳಲ್ಲಿ ಬೆಂದ ಕಾಳು ಮತ್ತೊಮ್ಮೆ ಎಲ್ಲರ ಬಾಯಿಗೂ ಬಂದದ್ದು ನಗು ತರಿಸುವ ಸಂಗತಿ. ಹೆಸರನ್ನು ಬೇಡವೆಂದವರೂ ಬೇಕೆಂದವರೂ ಒಂದೇ ಕಥೆಯನ್ನು ಆಧಾರವಾಗಿ ಹಿಡಿದಿದ್ದರು.

ಪ್ರಕರಣ ನಿಂತಿರುವ ಸ್ಥಿತಿ

ಹಾಗಾದರೆ ಧೈರ್ಯವಾಗಿ ಹೇಳಬಹುದಾದದ್ದು ಎಷ್ಟು? ಬೆಂಗಳೂರೆಂಬ ಹೆಸರು ಒಂಬತ್ತನೆಯ ಶತಮಾನದ ಕೊನೆಗೆ ಇಂದಿನ ರೂಪಕ್ಕೆ ತೀರ ಹತ್ತಿರವಾಗಿ ಬಳಕೆಯಲ್ಲಿತ್ತು. ಬಲ್ಲಾಳನಿಗೂ ಅದಕ್ಕೂ ಸಂಬಂಧವಿಲ್ಲ. ಕೆಂಪೇಗೌಡರು ಹೆಸರನ್ನು ಸೃಷ್ಟಿಸಲಿಲ್ಲ, ಇದ್ದ ಹೆಸರನ್ನು ತಮ್ಮ ಪೇಟೆಗೆ ತಂದರು ಅಥವಾ ಉಳಿಸಿಕೊಂಡರು. ಊರು ಎಂಬ ಕೊನೆಯ ಭಾಗದಲ್ಲಿ ಸಂದೇಹವಿಲ್ಲ. ಮೊದಲ ಭಾಗಕ್ಕೆ ಹೇಳಿರುವ ಅರ್ಥಗಳಲ್ಲಿ ಮರದ ವಾದ ನಮ್ಮ ಹೆಸರಿಡುವ ಪದ್ಧತಿಗೆ ಹೆಚ್ಚು ಹೊಂದುತ್ತದೆ, ಕಾವಲಿನ ವಾದ ಅಕ್ಷರದ ಪರೀಕ್ಷೆಯಲ್ಲಿ ಎಡವುತ್ತದೆ. ನಡುವಿನ ಳಕಾರಕ್ಕೆ ಸಮಾಧಾನ ಹೇಳುವ ವಾದ ಬರುವವರೆಗೂ ಯಾವುದನ್ನೂ ಫಲಕದ ಮೇಲೆ ಬರೆಸುವಷ್ಟು ಗಟ್ಟಿಯೆಂದು ನಾನು ಒಪ್ಪಲಾರೆ.

ಆ ಸಮಾಧಾನ ಬಂದರೆ ಬರಬೇಕಾದದ್ದು ನಿಘಂಟಿನಿಂದಲ್ಲ, ನೆಲದಿಂದ. ಎಂಟನೆಯ ಶತಮಾನದ ಕಿಟ್ಟಯ್ಯ 2018ರವರೆಗೂ ಹೆಬ್ಬಾಳದ ಮಣ್ಣಿನಲ್ಲಿಯೇ ಇದ್ದ. ಹಳೆಬೆಂಗಳೂರು ಅಲ್ಲಿಂದ ಹೆಚ್ಚು ದೂರವಿಲ್ಲ. ಹೆಬ್ಬಾಳದ ಸುತ್ತಲಿನ ಪೆರ್ಬೊೞಲ್‌ನಾಡಿನ ಊರುಗಳಲ್ಲಿ, ಬೇಗೂರಿನ ಸುತ್ತಲಿನ ಬೆಂಪೂರು ಹನ್ನೆರಡರಲ್ಲಿ ಕೆರೆಯ ಏರಿಗೆ, ತೋಟದ ಬೇಲಿಗೆ, ಗುಡಿಯ ಮೆಟ್ಟಿಲಿಗೆ ಸೇರಿಹೋದ ಕಲ್ಲುಗಳು ಇನ್ನೂ ಇವೆ. ಅವುಗಳಲ್ಲಿ 890ಕ್ಕಿಂತ ಹಿಂದಿನ ಯಾವುದಾದರೊಂದರ ಮೇಲೆ ಬೆಂಗಳ ಎಂಬ ಪದ ಸವೆಯದ ರೂಪದಲ್ಲಿ ಕಾಣಿಸಿಕೊಂಡರೆ ಈ ಕಡತವನ್ನು ಮತ್ತೆ ತೆರೆಯಬೇಕಾಗುತ್ತದೆ.